ಪಡಸಾಲೆ: ಗಡಿನಾಡಿನ ಮನೆಯ ಚರಿತ್ರೆಯಲ್ಲಿ ಒಂದು ಅಧ್ಯಾಯ

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಹಿಂದೆ ಮನೆಯ ಅಳತೆಯನ್ನು ಅಡಿಗಳಲ್ಲಿ ಹೇಳುವ ರೂಢಿ ಇರಲಿಲ್ಲ. ‘ಎಷ್ಟು ಅಂಕಣದ ಮನೆ?’ ಎಂದು ಕೇಳುತ್ತಿದ್ದರು. ಕಂಬದಿಂದ ಕಂಬಕ್ಕೆ ಇರುವ ಜಾಗವೇ ಅಂಕಣ. ಮರಾಠಿ ನೆರೆಯವರು ಅದನ್ನು ಖಣ ಎನ್ನುತ್ತಾರೆ. ನಾವು ಮಾಳಿಗೆ ಎಂದುದನ್ನು ಅವರು ಮಾಳವದ ಎಂದರು. ನಾವು ಪಡಸಾಲೆ ಎಂದುದನ್ನು ಅವರು ಪಡಸಾಳ ಎಂದರು. ಹೆಸರು ಯಾರಿಂದ ಯಾರಿಗೆ ಹೋಯಿತೆಂಬ ವಿಚಾರವನ್ನು ಪಂಡಿತರಿಗೆ ಬಿಡೋಣ. ಎರಡು ಭಾಷೆಗಳ ಜನ ಒಂದೇ ಬಗೆಯ ಮನೆಯಲ್ಲಿ ನೂರಾರು ವರ್ಷ ಬಾಳಿದರೆಂಬುದಕ್ಕೆ ಈ ಮಾತುಗಳೇ ಸಾಕ್ಷಿ.

ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ಇತಿಹಾಸ ಕಲಿಸಿದ ನಾವು 1760ರ ಉದಗೀರ ಯುದ್ಧದಲ್ಲಿ ಸದಾಶಿವರಾವ್ ಭಾವು ನಿಜಾಮನ ಸೈನ್ಯವನ್ನು ಸೋಲಿಸಿದ್ದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದೆವು. ಆದರೆ ಆ ಮಕ್ಕಳು ಕುಳಿತು ಬಾಯಿಪಾಠ ಮಾಡಿದ ಪಡಸಾಲೆಯ ಚರಿತ್ರೆಯನ್ನು ಒಮ್ಮೆಯೂ ಹೇಳಲಿಲ್ಲ. ಸಂಘದ ಈ ಸಂಚಿಕೆಯಲ್ಲಿ ಆ ಬಾಕಿಯನ್ನು ತೀರಿಸುವುದು ನಮ್ಮ ಉದ್ದೇಶ.

ಮೊದಲು ಮನೆಯ ರಚನೆಯನ್ನು ಹೇಳಬೇಕು. ಬೀದಿಯಿಂದ ದೊಡ್ಡ ಬಾಗಿಲು ದಾಟಿದರೆ ಢೇಳಜ. ಅದರಾಚೆಗೆ ತೆರೆದ ಅಂಗಳ. ಅಂಗಳಕ್ಕೆ ಮುಖಮಾಡಿ ಪಡಸಾಲೆ. ಪಡಸಾಲೆಗೆ ಮೂರು ಕಡೆ ಗೋಡೆ, ಅಂಗಳದ ಕಡೆಗೆ ಬರಿಯ ಕಂಬಗಳು, ಮೇಲೆ ಮಣ್ಣಿನ ಮಾಳಿಗೆ. ಅದರ ಹಿಂದೆ ನಡುಮನೆ, ದೇವರ ಮನೆ, ಅಡಿಗೆಯ ಮನೆ. ಹೊರಗೋಡೆಗಳೆಲ್ಲ ಕಲ್ಲು ಮಣ್ಣಿನವು. ಎರಡಡಿಗೆ ಕಡಿಮೆ ದಪ್ಪದ ಗೋಡೆ ಅಪರೂಪ. ಬೀದಿಯ ಕಡೆಗೆ ಕಿಟಕಿಗಳಿಲ್ಲ. ಕಳ್ಳಕಾಕರ ಭಯವೂ ದಂಗೆಗಳ ಭಯವೂ ಇದ್ದ ಕಾಲದಲ್ಲಿ ಮನೆ ಹೊರಗಿನವರಿಗೆ ಬೆನ್ನು ತಿರುಗಿಸಿ ಒಳಗಿನ ಅಂಗಳಕ್ಕೆ ಮುಖ ಕೊಟ್ಟಿತು. ಬೆಳಕು, ಗಾಳಿ, ಮಾತು ಎಲ್ಲವೂ ಪಡಸಾಲೆಗೇ ಬರಬೇಕು. ಒಳಮನೆಯಲ್ಲಿದ್ದುದು ಕತ್ತಲೆ ಮತ್ತು ಕಾಳಿನ ಚೀಲಗಳು.

ಈ ಬಗೆಯ ಜಾಗ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳ ಮುಖಮಂಟಪವನ್ನು ನೆನೆಯಿರಿ: ಮೇಲೆ ಚಾವಣಿ, ಸುತ್ತ ಕಂಬ, ಅಂಚಿನಲ್ಲಿ ಬೆನ್ನು ಚಾಚಿ ಕೂರಲು ಕಕ್ಷಾಸನ. ಗರ್ಭಗುಡಿ ದೇವರದು, ಮಂಟಪ ಜನರದು. ಕಲ್ಯಾಣದ ಮಗ್ಗುಲಲ್ಲೇ ಇರುವ ನಮ್ಮ ಸೀಮೆಯ ಒಕ್ಕಲಿಗನ ಮನೆಯಲ್ಲಿಯೂ ಅದೇ ವಿವೇಕವನ್ನು ಕಾಣುತ್ತೇವೆ. ಒಳಗಿನದು ಮನೆತನಕ್ಕೆ, ಪಡಸಾಲೆ ಬಂದವರಿಗೆ.

ಪಡಸಾಲೆ ವರ್ಷದ ಹನ್ನೆರಡು ತಿಂಗಳೂ ಬಳಕೆಗೆ ಬರುತ್ತಿತ್ತು. ಬೇಸಿಗೆಯಲ್ಲಿ ಇಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಮಾಳಿಗೆಯ ದಪ್ಪ ಮಣ್ಣು ಕಾಯುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಆಗ ಜನ ಹಾಸಿಗೆ ಹೊತ್ತು ಅದೇ ಮಾಳಿಗೆಯ ಮೇಲೆ ಮಲಗಲು ಹೋಗುತ್ತಿದ್ದರು. ಮಳೆಗಾಲದಲ್ಲಿ ಪಡಸಾಲೆಯಲ್ಲಿ ಕುಳಿತು ಹಗ್ಗ ಹೊಸೆಯುವುದು, ಬೀಜ ಆರಿಸುವುದು, ಕೌದಿ ಹೊಲಿಯುವುದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿ ತಗ್ಗಿನಲ್ಲಿ ಸಾಗುವಾಗ ಬಿಸಿಲು ಕಂಬಗಳ ನಡುವೆ ಒಳಗಿನ ಗೋಡೆಯವರೆಗೆ ಬರುತ್ತಿತ್ತು. ಆ ಬಿಸಿಲಲ್ಲಿ ಮುದುಕರು ಬೆನ್ನು ಕಾಯಿಸುತ್ತಿದ್ದರು, ಬಾಣಂತಿಯರು ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು. ಎಳ್ಳಮಾಸೆಯ ಹಿಂದಿನ ದಿನ ಹೊಲಕ್ಕೆ ಒಯ್ಯುವ ಭಜ್ಜಿಗೆ ಕಾಯಿಪಲ್ಯ ಹೆಚ್ಚುವ ಹೆಂಗಸರ ಸಾಲು ಪಡಸಾಲೆಯ ಉದ್ದಕ್ಕೂ ಇರುತ್ತಿತ್ತು. ಆ ಹಬ್ಬವನ್ನು ಲಾತೂರು, ಧಾರಾಶಿವ (ಹಿಂದಿನ ಉಸ್ಮಾನಾಬಾದ) ಕಡೆಯ ಮರಾಠಿ ರೈತರೂ ಆಚರಿಸುತ್ತಾರೆ. ಅವರು ಅದಕ್ಕೆ ಕೊಟ್ಟ ಹೆಸರು ಯೇಳವಸ. ಎಳ್ಳಮಾಸೆಯೇ ಅಲ್ಲಿ ಅಡಗಿ ಕುಳಿತಿದೆ.

ಇನ್ನು ಭಾಷೆಯ ಮಾತು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಉರ್ದುವೇ. ಕನ್ನಡ, ಮರಾಠಿ, ತೆಲುಗು ಮಾತಾಡುವವರು ಮೂವರೂ ತಮ್ಮ ಭಾಷೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾಗಿತ್ತು. ಸಾರ್ವಜನಿಕ ಸಭೆಗೆ ಅಪ್ಪಣೆ ಬೇಕಿತ್ತು; ‘ಗಸ್ತಿ 53’ ಎಂಬ ಆ ಆಜ್ಞೆಯ ಹೆಸರು ನಮ್ಮ ಹಿರಿಯರ ಬಾಯಲ್ಲಿ ಕೊನೆಯವರೆಗೂ ಇತ್ತು. ಆದರೆ ಪಡಸಾಲೆಯಲ್ಲಿ ಪುರಾಣ ಓದುವುದಕ್ಕೆ, ಭಜನೆಗೆ ಕೂರುವುದಕ್ಕೆ ಯಾರ ಅಪ್ಪಣೆ ಬೇಕು? ಶ್ರಾವಣದಲ್ಲಿ ಅಲ್ಲಿ ಬಸವ ಪುರಾಣ, ಪ್ರಭುಲಿಂಗಲೀಲೆ ನಡೆಯುತ್ತಿದ್ದವು. ಅದೇ ಜಮಖಾನೆಯ ಮೇಲೆ ಕಪಿಲಧಾರದ ಮನ್ಮಥ ಸ್ವಾಮಿಗಳ ಮರಾಠಿ ಅಭಂಗಗಳನ್ನೂ ಹಾಡುತ್ತಿದ್ದರು. ಮಳೆ ಬಿಡುವಿನ ದಿನಗಳಲ್ಲಿ ಅಯ್ಯನವರು ಬಂದು ಕುಳಿತರೆ ಅದೇ ಗಾವಠಿ ಶಾಲೆ; ಮರಳಿನ ಮೇಲೆ ಬೆರಳಿಂದ ಅಕ್ಷರ ತೀಡಬೇಕು. ನಮ್ಮ ತಂದೆಯವರು ಕನ್ನಡ ಓದಲು ಕಲಿತದ್ದು ಹಾಗೆ. ಅವರ ಹೆಸರು ಯಾವ ಶಾಲೆಯ ದಾಖಲೆಯಲ್ಲಿಯೂ ಇಲ್ಲ.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳಿಕೆ ಮುಗಿಯಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದವು. ಅಲ್ಲಿಯವರೆಗೆ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಉಸ್ಮಾನಾಬಾದ ಜಿಲ್ಲೆಯ ಉಮರ್ಗಾವೂ ಅದೇ ದಾರಿ ಹಿಡಿಯಿತು. 1960ರ ಮೇ 1ರಿಂದ ನಾವು ಮಹಾರಾಷ್ಟ್ರದವರು. ಪ್ರಾಂತ ಬದಲಾದಾಗ ನಮಗೆ ಏಳು ವರ್ಷ. ಶಾಲೆಯಲ್ಲಿ ಮರಾಠಿ ಕಲಿತೆವು. ಮುಂದೆ ಅದೇ ಭಾಷೆಯಲ್ಲಿ ಕಲಿಸಿ ಅನ್ನ ತಿಂದೆವು. ಅದರ ಬಗೆಗೆ ನಮಗೆ ದೂರಿಲ್ಲ. ಮರಾಠಿ ನಮ್ಮನ್ನು ಸಾಕಿದ ಭಾಷೆ. ಹೇಳಬೇಕಾದದ್ದು ಇಷ್ಟೆ: ಕಚೇರಿಯ ಭಾಷೆ ಉರ್ದುವಿನಿಂದ ಮರಾಠಿಗೆ ತಿರುಗಿದರೂ ಪಡಸಾಲೆಯ ಭಾಷೆ ಬದಲಾಗಲಿಲ್ಲ. ಶಾಲೆಯಿಂದ ಬಂದು ಚೀಲವನ್ನು ಗೂಟಕ್ಕೆ ತೂಗುಹಾಕಿದರೆ ಅಲ್ಲಿಂದ ಮುಂದೆ ಕನ್ನಡ.

ಬದಲಾದದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ಬಂದು ಜನ ತಡವಾಗಿ ಮಲಗಿದ್ದರು. ನಾಲ್ಕು ಗಂಟೆಗೆ ಕೆಲವೇ ನಿಮಿಷ ಮುಂಚೆ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಲಾತೂರು, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸುಮಾರು 8,000ದಿಂದ 10,000 ಜನ ಮಡಿದರು. ಇಷ್ಟು ಸಾವಿಗೆ ಕಾರಣವೇನೆಂದು ತಿಳಿದವರು ಹುಡುಕಿದಾಗ ನಮ್ಮ ಮನೆಗಳೇ ಉತ್ತರ ಹೇಳಿದವು. ದುಂಡುಕಲ್ಲುಗಳನ್ನು ಬರಿಯ ಮಣ್ಣಿನಲ್ಲಿ ಕೂರಿಸಿದ ದಪ್ಪ ಗೋಡೆಗಳು ಒಡೆದು ಒಳಕ್ಕೂ ಹೊರಕ್ಕೂ ಬಿದ್ದವು. ಸೋರಬಾರದೆಂದು ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುತ್ತ ಬಂದ ಮಾಳಿಗೆ ಒಂದೂವರೆ, ಎರಡಡಿ ದಪ್ಪವಾಗಿತ್ತು. ಬೇಸಿಗೆಯಲ್ಲಿ ತಂಪು ಕೊಟ್ಟ ಮಣ್ಣೇ ಆ ನಸುಕಿನಲ್ಲಿ ಮೇಲೆ ಬಿದ್ದಿತು.

ಆದರೆ ಇನ್ನೊಂದು ಮಾತನ್ನೂ ಬರೆದಿಡಬೇಕು. ಎಷ್ಟೋ ಮನೆಗಳಲ್ಲಿ ಗೋಡೆ ಕುಸಿದರೂ ಮರದ ಕಂಬ ತೊಲೆಗಳ ಚೌಕಟ್ಟು ನಿಂತೇ ಇತ್ತು. ಸಾಸ್ತೂರಿನ ಕಡೆಯ ಊರೊಂದಕ್ಕೆ ಕೊಟ್ಟ ನಮ್ಮ ಅಕ್ಕನ ಮನೆಯಲ್ಲಿ ಒಳಗೋಣೆಯಲ್ಲಿ ಮಲಗಿದ್ದ ಸೊಸೆಯೂ ಎರಡು ವರ್ಷದ ಮೊಮ್ಮಗಳೂ ಉಳಿಯಲಿಲ್ಲ. ಸೆಕೆಯೆಂದು ಪಡಸಾಲೆಯ ಕಂಬದ ಬುಡದಲ್ಲಿ ಹೊರಸು ಹಾಕಿಕೊಂಡಿದ್ದ ಅಕ್ಕ ಉಳಿದಳು. ‘ಆ ಕೂಸಿನ ನನ್ನ ಬಾಜೂಕ ಮಲಗಿಸ್ಕೊಂಡಿದ್ರ’ ಎಂಬ ಒಂದು ಮಾತನ್ನು ಅವಳು ಬದುಕಿರುವವರೆಗೂ ಆಡಿದಳು. ನಾವು ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ.

ಪೂರ್ತಿ ಹಾಳಾದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಲಾಯಿತು. ಹೊಲದ ಹಿಡುವಳಿಯನ್ನು ನೋಡಿ 250, 400, 750 ಚದರಡಿಯ ಮೂರು ಬಗೆಯ ಮನೆಗಳನ್ನು ಕೊಟ್ಟರು. ಗಟ್ಟಿ ಮನೆಗಳು, ಭೂಮಿ ಮತ್ತೆ ನಡುಗಿದರೂ ನಿಲ್ಲುವಂಥವು. ನೇರ ರಸ್ತೆಗಳು, ಸಾಲು ಮನೆಗಳು. ಎರಡು ಕೋಣೆ, ಒಂದು ಅಡಿಗೆಯ ಜಾಗ. ಅಂಗಳವನ್ನು ಒಳಗಿಟ್ಟುಕೊಂಡ ವಾಡೆಯವರಿಗೆ ಈಗ ಅಂಗಳ ಮನೆಯ ಹೊರಗೆ, ರಸ್ತೆಯ ಎದುರಿಗೆ. ಪಡಸಾಲೆ ಯಾವ ನಕ್ಷೆಯಲ್ಲಿಯೂ ಇರಲಿಲ್ಲ.

ಹೊಸ ಮನೆಗೆ ಹೋದ ಅಕ್ಕ ಒಳಗೆ ಮಲಗಲಿಲ್ಲ. ಅವಳಂತೆ ಸಿಮೆಂಟಿನ ಚಾವಣಿಯ ಕೆಳಗೆ ಕಣ್ಣು ಮುಚ್ಚಲು ಅಂಜಿದವರು ಬಹಳ ಮಂದಿ ಇದ್ದರು. ಮೊದಲು ನಾಲ್ಕು ಬಿದಿರುಗಳ ಮೇಲೆ ತಾಡಪತ್ರಿ ಕಟ್ಟಿದಳು. ಮರುವರ್ಷ ಹಳೆಯ ಮನೆಯ ಅವಶೇಷದಿಂದ ಎರಡು ತೇಗದ ಕಂಬಗಳನ್ನು ಬಂಡಿಯಲ್ಲಿ ತಂದು ನಿಲ್ಲಿಸಿ ಮೇಲೆ ಪತ್ರಾ ಹೊದಿಸಿದಳು. ನೋಡಲು ಹೋದ ನಮಗೆ ಅವಳು ಹೇಳಿದ ಮಾತು ನೆನಪಿದೆ: ‘ತಮ್ಮಾ, ಮನಿ ಸರಕಾರ ಕೊಟ್ಟದ. ಪಡಸಾಲಿ ನಾವೇ ಕಟ್ಕೋಬೇಕು.’ ಕೆಲವೇ ವರ್ಷಗಳಲ್ಲಿ ಆ ಹೊಸ ಊರಿನ ಮನೆಮನೆಯ ಮುಂದೆ ಇಂಥ ಚಪ್ಪರಗಳೆದ್ದವು. ಒಲೆ, ಹೊರಸು, ತೊಟ್ಟಿಲು ಒಂದೊಂದಾಗಿ ಹೊರಗೆ ಬಂದವು. ಒಳಗಿನ ಕೋಣೆ ಮತ್ತೆ ಕಾಳಿನ ಚೀಲಗಳ ಪಾಲಾಯಿತು.

ಅಕ್ಷರ ಬಲ್ಲ ನಾವು ಮಾತ್ರ ತಿರುವಾಗಿ ನಡೆದೆವು. ಬಿರುಕು ಬಿಟ್ಟ ನಮ್ಮ ಮಾಳಿಗೆಯನ್ನು ಇಳಿಸಿ ಸ್ಲ್ಯಾಬ್ ಹಾಕಿಸಿದೆವು. ಮುಂದಿನ ಪೋರ್ಚಿಗೆ ಜಾಲರಿ, ಜಾಲರಿಗೆ ಬೀಗ. ಅಲ್ಲಿ ಸ್ಕೂಟರು, ಗೊಬ್ಬರದ ಚೀಲ, ಮುರಿದ ಕುರ್ಚಿ. ಬಂದವರನ್ನು ಒಳಗೆ ಟಿ.ವಿ. ಎದುರಿಗೆ ಕೂರಿಸಿದೆವು. ಟಿ.ವಿ. ಮರಾಠಿ, ಹಿಂದಿ ಆಡಿತು; ನಾವು ಸುಮ್ಮನಿದ್ದೆವು. ಒಂದು ದಿನ ಮೊಮ್ಮಗ ‘ಅಜ್ಜಾ, ಜಂತಿ ಅಂದ್ರ ಏನು?’ ಎಂದು ಕೇಳಿದ. ತೋರಿಸಲು ತಲೆ ಎತ್ತಿದರೆ ಮೇಲೆ ಬಿಳಿಯ ಸ್ಲ್ಯಾಬು. ಪದವನ್ನು ವಿವರಿಸಿದೆವು, ವಸ್ತುವನ್ನು ತೋರಿಸಲಾಗಲಿಲ್ಲ. ಜಂತೆ, ತೊಲೆ, ಢೇಳಜ, ಬೆಳಕಿಂಡಿ, ದೀಪದ ಗೂಡು ಎಲ್ಲವೂ ಮನೆಯೊಡನೆ ಹೋಗಿದ್ದವು.

ನಿವೃತ್ತಿಯ ನಂತರ ಜಾಲರಿಯನ್ನು ತೆಗೆಸಿ ಪೋರ್ಚನ್ನು ಪಡಸಾಲೆಯಾಗಿ ಮಾಡಲು ಹೊರಟೆವು. ಅದರಲ್ಲಿ ಕಲಿತದ್ದನ್ನು ಸಂಘದ ಬಂಧುಗಳ ಉಪಯೋಗಕ್ಕಾಗಿ ಹೇಳುತ್ತೇವೆ. ಪೋರ್ಚಿನ ಮುಂದಕ್ಕೆ ಎಂಟಡಿ ಪತ್ರಾ ಚಾಚಿಸಿದೆವು. ತಗ್ಗಾಗಿ ಹಾಕಿಸಿದ್ದರಿಂದ ಮೊದಲ ಬೇಸಿಗೆಯಲ್ಲಿ ಅದರ ಕೆಳಗೆ ಕೂರುವುದೂ ಹಂಚಿನ ಮೇಲೆ ಕೂರುವುದೂ ಒಂದೇ ಆಯಿತು. ನೆಲದ ಇಳಿಜಾರು ಒಳಗಡೆಗಿದ್ದು ಮೊದಲ ಮಳೆಯ ನೀರು ನೇರವಾಗಿ ನಡುಮನೆಗೆ ಬಂದಿತು. ಎರಡನೆಯ ಸಲ ಪತ್ರಾವನ್ನು ಹತ್ತಡಿಗೆ ಏರಿಸಿ, ಗೋಡೆಗೂ ಅದಕ್ಕೂ ನಡುವೆ ಕಾದ ಗಾಳಿ ಹೊರಹೋಗಲು ಒಂದು ಗೇಣು ಸಂದು ಬಿಡಿಸಿದೆವು. ಮೇಲೆ ಸುಣ್ಣ ಬಳಿಸಿ ಕೆಳಗೆ ಬಿದಿರಿನ ಚಾಪೆ ಹೊಡೆಸಿದೆವು. ಪತ್ರಾ ಹಾರದಿರಲೆಂದು ಕಲ್ಲು ಹೇರುವ ರೂಢಿ ನಮ್ಮಲ್ಲಿದೆ. 1993ನ್ನು ಕಂಡವರು ಹಾಗೆ ಮಾಡಬಾರದು, ನಟ್ಟು ಬೋಲ್ಟುಗಳಿಂದ ಬಿಗಿಸಬೇಕು. ನೆಲಕ್ಕೆ ಶಹಾಬಾದ್ ಫರಸಿ, ಅಂಗಳದ ಕಡೆಗೆ ಇಳಿಜಾರು, ಅಂಚಿಗೆ ಕೂರಲು ಒಂದೂವರೆ ಅಡಿ ಎತ್ತರದ ಕಟ್ಟೆ. ಪಶ್ಚಿಮಕ್ಕೆ ಬೇವಿನ ಗಿಡ. ಮಳೆಯ ಇರಚಲಿಗೂ ಮಾಗಿಯ ಗಾಳಿಗೂ ಸುತ್ತಿಡಬಹುದಾದ ತಟ್ಟಿ. ಬೇಸಿಗೆಯಲ್ಲಿ ಅದಕ್ಕೇ ನೀರು ಚಿಮುಕಿಸಿದರೆ ತಂಪು. ದಕ್ಷಿಣದ ಕಡೆ ಏನನ್ನೂ ಮುಚ್ಚಲಿಲ್ಲ. ಚಳಿಗಾಲದ ಬಿಸಿಲು ಹಿಂದಿನಂತೆಯೇ ಒಳಗೋಡೆಯವರೆಗೆ ಬರುತ್ತದೆ. ಅಕ್ಕ ತೀರಿಕೊಂಡ ಮೇಲೆ ಅವಳ ಚಪ್ಪರದ ಎರಡು ಕಂಬಗಳಲ್ಲಿ ಒಂದನ್ನು ಅಳಿಯ ನಮಗೆ ಕಳಿಸಿಕೊಟ್ಟ. ಪತ್ರಾದ ಭಾರವನ್ನು ಕಬ್ಬಿಣವೇ ಹೊತ್ತಿದೆ. ಆ ಕಂಬ ಸುಮ್ಮನೆ ನಮ್ಮೊಡನೆ ನಿಂತಿದೆ.

ಹಳೆಯ ಕಲ್ಲು ಮಣ್ಣಿನ ಮನೆ ಮರಳಿ ಬರಲೆಂದು ನಾವು ಹೇಳುವುದಿಲ್ಲ. ಅದು ಕೊಂದದ್ದನ್ನು ಕಂಡಿದ್ದೇವೆ. ಗೋಡೆ ಹೊಸದಿರಲಿ, ಗಟ್ಟಿಯಿರಲಿ. ಆದರೆ ಬಂದವರು ಚಪ್ಪಲಿ ಬಿಟ್ಟು ಕೇಳದೆ ಕೂರುವಂಥ ಒಂದು ಅಂಕಣ ಮನೆಯ ಮುಂದೆ ಇರಬೇಕು. ಉರ್ದು ಕಾಲದಲ್ಲಿಯೂ ಮರಾಠಿ ಕಾಲದಲ್ಲಿಯೂ ನಮ್ಮ ಕನ್ನಡ ಉಳಿದದ್ದು ಅಂಥ ಜಾಗದಲ್ಲಿ. ಇಂದು ಭಾನುವಾರದ ಸಂಜೆ ನಮ್ಮ ಕಟ್ಟೆಯ ಮೇಲೆ ಓಣಿಯ ಐದಾರು ಮಕ್ಕಳು ಪಾಟಿ ಹಿಡಿದು ಕೂರುತ್ತಾರೆ. ತಮ್ಮೊಳಗೆ ಮರಾಠಿ ಆಡುತ್ತಾರೆ, ನಮ್ಮೊಡನೆ ಕನ್ನಡ. ಇಬ್ಬರು ಮರಾಠಿ ಮನೆಯ ಮಕ್ಕಳೂ ಇದ್ದಾರೆ; ಅವರ ಅಕ್ಷರವೇ ಹೆಚ್ಚು ದುಂಡಗಿದೆ.

ಸಂಘದ ಬಂಧುಗಳಲ್ಲಿ ಎರಡು ವಿನಂತಿ. ನಿಮ್ಮ ಊರಿನಲ್ಲಿ ಹಳೆಯ ವಾಡೆ ಉಳಿದಿದ್ದರೆ, ಅದು ಬೀಳುವ ಮುನ್ನ ಹಿರಿಯರನ್ನು ಕರೆದೊಯ್ದು ಅದರ ಒಂದೊಂದು ಭಾಗದ ಹೆಸರನ್ನೂ ವಹಿಯಲ್ಲಿ ಬರೆದುಕೊಳ್ಳಿರಿ. ಎರಡನೆಯದು, ಪೋರ್ಚಿಗೆ ಬೀಗ ಹಾಕಿದವರು ಒಂದು ಸಂಜೆಯಾದರೂ ಅದನ್ನು ತೆರೆದು ಜಮಖಾನೆ ಹಾಸಿರಿ. ಯಾರಾದರೂ ಬಂದು ಕೂರುತ್ತಾರೆ. ಮಾತು ಯಾವ ಭಾಷೆಯಲ್ಲಿ ಮೊದಲಾಗಬೇಕೆಂಬುದು ಆ ಹೊತ್ತಿಗೆ ನಿಮ್ಮ ಕೈಯಲ್ಲಿರುತ್ತದೆ.