ರೈಸ್ ಎಂಬ ಮನೆತನದ ಹೆಸರು

ಕರ್ಣಾಟಕದ ಇತಿಹಾಸವನ್ನು ವ್ಯಾಸಂಗಮಾಡುವವರಿಗೆ ರೈಸ್ ಎಂಬ ಹೆಸರು ಚಿರಪರಿಚಿತವಾದುದು. 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಬೆಂಜಮಿನ್ ಲೂಯಿ ರೈಸ್ ಮಹಾಶಯರು ‘ಎಪಿಗ್ರಾಫಿಯ ಕರ್ಣಾಟಿಕ’ದ ಸಂಪುಟಗಳ ಮೂಲಕ ನಮ್ಮ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದರು. ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಅಕ್ಕಿಯೆಂಬ ಅರ್ಥವಿರುವುದರಿಂದ, ಹೆಸರೂ ಅದರಿಂದಲೇ ಹುಟ್ಟಿತೆಂದು ಭ್ರಮಿಸುವುದು ಸಹಜ. ಆದರೆ ಇವೆರಡಕ್ಕೂ ಸಂಬಂಧವಿಲ್ಲ. ಧಾನ್ಯದ ಹೆಸರು ಗ್ರೀಕಿನ ‘ಒರೂಜ’ದಿಂದ ಫ್ರೆಂಚಿನ ಮೂಲಕ ಬಂದುದು, ಮನೆತನದ ಹೆಸರಾದರೋ ಬಹುಮಟ್ಟಿಗೆ ವೇಲ್ಸ್ ನಾಡಿನದು.

ವೆಲ್ಷ್ ಭಾಷೆಯಲ್ಲಿ ‘ರೀಸ್’ ಎಂಬುದು ಉತ್ಸಾಹ, ಆವೇಗ ಎಂಬರ್ಥದ ಪುರುಷನಾಮ. 1093ರಲ್ಲಿ ಮಡಿದ ‘ರೀಸ್ ಆಪ್ ಟೆವ್ದುರ್’ ಎಂಬ ಅರಸನನ್ನು, 1086ರ ಇಂಗ್ಲೆಂಡಿನ ಭೂಮಾಪನ ಗ್ರಂಥದಲ್ಲಿ ಬರುವ ‘ರಿಸೆಟ್’ ಎಂಬವನೊಡನೆ ವಿದ್ವಾಂಸರು ಗುರುತಿಸಿರುವರು. ‘ಆಪ್’ ಎಂದರೆ ಮಗ. ತಂದೆಯ ಹೆಸರು ಸೇರುತ್ತಿದ್ದುದರಿಂದ ತಲೆಮಾರಿಗೊಮ್ಮೆ ಹೆಸರು ಬದಲಾಗುತ್ತಿತ್ತು. 1536 ಮತ್ತು 1543ರ ಕಾಯಿದೆಗಳಿಂದ ವೇಲ್ಸು ಇಂಗ್ಲಿಷ್ ನ್ಯಾಯಪದ್ಧತಿಗೆ ಒಳಪಟ್ಟ ತರುವಾಯ, ಇಂಗ್ಲಿಷರ ರೂಢಿಯಂತೆ ಹೆಸರುಗಳು ಕ್ರಮೇಣ ಸ್ಥಿರವಾದುವು. ‘ಆಪ್ ರೀಸ್’ ಎಂಬಲ್ಲಿಯ ಪಕಾರವು ಮುಂದಿನ ಪದಕ್ಕೆ ಅಂಟಿ ‘ಪ್ರೈಸ್’, ‘ಪ್ರೀಸ್’ ಎಂದಾಯಿತು. ಇದಕ್ಕೂ ಬೆಲೆಗೂ ಸಂಬಂಧವಿಲ್ಲ. ‘ಆಪ್’ ಬಿದ್ದುಹೋದಲ್ಲಿ ‘ರೈಸ್’, ‘ರೀಸ್’ ಉಳಿದುವು.

ಒಂದೇ ಹೆಸರಿಗೆ ಎರಡು ಸ್ವರಗಳೇಕೆ? ಸುಮಾರು 15ನೆಯ ಶತಮಾನದಿಂದ ಇಂಗ್ಲಿಷಿನ ದೀರ್ಘ ಈಕಾರವು ಕ್ರಮವಾಗಿ ಐಕಾರವಾಯಿತು. ಮೊದಲೇ ಆ ಭಾಷೆಯಲ್ಲಿ ಬೇರೂರಿದ ರೂಪವು ಈ ಮಾರ್ಪಾಟಿಗೆ ಸಿಕ್ಕಿ ‘ರೈಸ್’ ಆಯಿತು. ವೆಲ್ಷ್ ಉಚ್ಚಾರಣೆಗೆ ಸಮೀಪವಾಗಿ ಉಳಿದುದು ‘ರೀಸ್’. ದಿನೆವುರ್ ಕೋಟೆಯ ಶ್ರೀಮಂತ ಮನೆತನವು ಬಹುಕಾಲ ‘ರೈಸ್’ ಎಂದೇ ಬರೆದುಕೊಂಡು, 1916ರಲ್ಲಿ ಪ್ರಾಚೀನ ವೆಲ್ಷ್ ರೂಪಕ್ಕೆ ಹಿಂದಿರುಗಿತು.

ಹೀಗೆಂದು ರೈಸರ ಪೂರ್ವಿಕರು ವೇಲ್ಸಿನವರೆಂದು ಸಾಧಿಸಿದಂತಾಗಲಿಲ್ಲ. ಹೆಸರಿನ ಮೂಲ ಬೇರೆ, ವಂಶದ ಮೂಲ ಬೇರೆ. ಎರಡನೆಯದಕ್ಕೆ ವಂಶದ ದಾಖಲೆಗಳೇ ಬೇಕು.

ರೈಸರು ಹುಟ್ಟಿದ ಊರಿನ ಹೆಸರಿಗೂ ಇಂತಹುದೇ ಕಥೆಯುಂಟು. ಹೊಯ್ಸಳ ಬಲ್ಲಾಳನು ತಿಂದ ಬೆಂದಕಾಳಿನಿಂದ ಬೆಂಗಳೂರಾಯಿತೆಂದು ಜನರು ಹೇಳುವರು. ಆದರೆ ಬೇಗೂರಿನ ವೀರಗಲ್ಲು, ಹೊಯ್ಸಳರಿಗಿಂತ ಹಿಂದೆ, ಸುಮಾರು 890ರಲ್ಲಿಯೇ ‘ಬೆಂಗಳೂರ ಕಾಳಗ’ವನ್ನು ಹೇಳುತ್ತದೆ. ಕಿವಿಗೆ ತೋರಿದ ಅರ್ಥವನ್ನು ನಂಬದೆ ಪ್ರಾಚೀನ ಲಿಖಿತರೂಪವನ್ನು ಅರಸಬೇಕೆಂಬ ನಿಯಮವು ನಮ್ಮ ಊರುಗಳಿಗೆ ಸಲ್ಲುವಂತೆ, ಆ ಲಿಖಿತಗಳನ್ನು ನಮಗೆ ಓದಿಕೊಟ್ಟವರ ಹೆಸರಿಗೂ ಸಲ್ಲುವುದು.