ಮೊದಲ ಅಕ್ಷರದ ಹಿಂದೆ: ಪ್ರಭುಲಾಲ್ ಭಟ್ನಾಗರ್ ಮತ್ತು ಬೆಂಗಳೂರಿನ ಅನ್ವಯಿಕ ಗಣಿತ

ಪ್ರಭುಲಾಲ್ ಭಟ್ನಾಗರ್ ಅವರ ಹೆಸರು ಇವತ್ತಿಗೂ ದಿನಬಳಕೆಯಲ್ಲಿದೆ, ಆದರೆ ಒಂದೇ ಅಕ್ಷರವಾಗಿ. ವಿರಳ ಅನಿಲಗಳ ಲೆಕ್ಕ ಹಾಕುವವರು, ಪ್ಲಾಸ್ಮಾ ಅಧ್ಯಯನ ಮಾಡುವವರು, ಕಂಪ್ಯೂಟರಿನಲ್ಲಿ ದ್ರವದ ಹರಿವನ್ನು ಬಿಡಿಸುವವರು ‘ಬಿಜಿಕೆ ಮಾದರಿ’ ಎನ್ನುತ್ತಾರಲ್ಲ, ಅದರ ಮೊದಲ ‘ಬಿ’ ಅವರದು. ಉಳಿದೆರಡು ಅಕ್ಷರಗಳು ಯುಜೀನ್ ಗ್ರಾಸ್ ಮತ್ತು ಮ್ಯಾಕ್ಸ್ ಕ್ರೂಕ್ ಅವರವು. ಈ ‘ಬಿ’ ಹದಿಮೂರು ವರ್ಷ ನಮ್ಮ ಬೆಂಗಳೂರಿನಲ್ಲಿ ಪಾಠ ಹೇಳಿದ್ದಾರೆ. ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ವಯಿಕ ಗಣಿತಕ್ಕೆ ಅಡಿಪಾಯ ಹಾಕಿದವರೂ ಅವರೇ. ಅವರ ಬದುಕನ್ನು ಬರೆಯುವಾಗ ನಕ್ಷತ್ರ, ಅನಿಲ, ದ್ರವ ಎಂದು ಮೂರು ತುಂಡು ಮಾಡುವುದು ಸುಲಭ. ನನಗೆ ಅಲ್ಲಿ ಕಾಣುವುದು ಒಂದೇ ಎಳೆ. ಬಿಡಿಸಲಾಗದ ಸಮೀಕರಣ ಎದುರಾದಾಗ ಅದರಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಟ್ಟರೆ ಸತ್ಯವೇ ಕೈತಪ್ಪುತ್ತದೆ ಎಂದು ತೂಗಿ ನೋಡುವ ವಿವೇಕ ಅದು.

ಅವರು ಹುಟ್ಟಿದ್ದು ರಾಜಸ್ಥಾನದ ಕೋಟಾದಲ್ಲಿ, 1912ರ ಆಗಸ್ಟ್ 8ರಂದು. ಓದು ಅಲ್ಲಿನ ಹರ್ಬರ್ಟ್ ಕಾಲೇಜಿನಲ್ಲಿ, ಮುಂದೆ ಜೈಪುರದ ಮಹಾರಾಜಾ ಕಾಲೇಜಿನಲ್ಲಿ. 1937ರಲ್ಲಿ ಸಂಶೋಧನೆಗೆಂದು ಅಲಹಾಬಾದಿಗೆ ಹೋದರು. ಅಲ್ಲಿ ಬದ್ರಿನಾಥ ಪ್ರಸಾದರ ಬಳಿ ಮೊದಲು ಕೈಗೆತ್ತಿಕೊಂಡದ್ದು ಶುದ್ಧ ಗಣಿತವನ್ನು, ಅನಂತ ಶ್ರೇಣಿಗಳ ಮೊತ್ತದ ಪ್ರಶ್ನೆಗಳನ್ನು. ಅದೇ ವಿಶ್ವವಿದ್ಯಾಲಯದಲ್ಲಿದ್ದ ಅಮಿಯ ಚರಣ ಬ್ಯಾನರ್ಜಿಯವರ ಆಸಕ್ತಿ ಬೇರೆ: ಸೌರಮಂಡಲ ಹುಟ್ಟಿದ್ದು ಹೇಗೆ, ಹಿಗ್ಗಿ ಕುಗ್ಗುವ ನಕ್ಷತ್ರಗಳ ಒಡಲಲ್ಲಿ ಏನು ನಡೆಯುತ್ತದೆ. ಭಟ್ನಾಗರ್ ಆ ಕಡೆಗೆ ವಾಲಿದರು. ಶ್ರೇಣಿಗಳನ್ನು ಬಿಟ್ಟರು ಎಂದೇನೂ ನಾನು ಹೇಳಲಾರೆ. ಎಲ್ಲಿ ಕತ್ತರಿಸಿದರೆ ಎಷ್ಟು ತಪ್ಪುತ್ತದೆ ಎಂಬ ಎಚ್ಚರವನ್ನು ಶ್ರೇಣಿಗಳಷ್ಟು ಚೆನ್ನಾಗಿ ಕಲಿಸುವ ಗಣಿತ ಇನ್ನೊಂದಿಲ್ಲ. ಆ ಶಿಕ್ಷಣ ಕೊನೆಯತನಕ ಅವರ ಜೊತೆಗಿತ್ತು.

1940ರಲ್ಲಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ ಅಧ್ಯಾಪಕರಾಗಿ ಬಂದವರು ಸುಮಾರು ಹದಿನಾರು ವರ್ಷ ಆ ಹುದ್ದೆಯಲ್ಲಿದ್ದರು. ಅದೇ ನಗರದಲ್ಲಿದ್ದ ದೌಲತ್ ಸಿಂಗ್ ಕೊಠಾರಿಯವರೊಡನೆ ಸೇರಿ ಶ್ವೇತಕುಬ್ಜಗಳ ಬಗ್ಗೆ, ನಕ್ಷತ್ರಗಳ ಮಿಡಿತದ ಬಗ್ಗೆ ಲೇಖನಗಳನ್ನು ಬರೆದರು. 1952ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಹಾರ್ವರ್ಡಿಗೆ ಹೋಗಿದ್ದೂ ನಕ್ಷತ್ರಗಳಿಗಾಗಿಯೇ. ಡೊನಾಲ್ಡ್ ಮೆಂಜೆಲ್ ಮತ್ತು ಹರಿ ಕೆ. ಸೇನ್ ಅವರೊಡನೆ ನಕ್ಷತ್ರಗಳ ಒಳರಚನೆಯ ಬಗ್ಗೆ ಅವರು ಬರೆದ ಗ್ರಂಥ 1963ರಲ್ಲಿ ಹೊರಬಂತು. ಆದರೆ ಆ ಪ್ರವಾಸ ಚರಿತ್ರೆಯಲ್ಲಿ ಉಳಿದದ್ದು ಗ್ರಾಸ್ ಮತ್ತು ಕ್ರೂಕ್ ಅವರೊಡನೆ ಬರೆದ ಹದಿನೈದು ಪುಟಗಳ ಇನ್ನೊಂದು ಬರಹದಿಂದ. ಅದು 1954ರ ಮೇ ತಿಂಗಳಲ್ಲಿ ‘ಫಿಸಿಕಲ್ ರಿವ್ಯೂ’ ಪತ್ರಿಕೆಯ 94ನೇ ಸಂಪುಟದಲ್ಲಿ ಪ್ರಕಟವಾಯಿತು.

ಆ ಹದಿನೈದು ಪುಟಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ನಾವು ಉಸಿರಾಡುವ ಗಾಳಿಯನ್ನೇ ತೆಗೆದುಕೊಳ್ಳಿ. ಒಂದು ಘನ ಸೆಂಟಿಮೀಟರಿನಲ್ಲಿರುವ ಅಣುಗಳನ್ನು ಎಣಿಸಿದರೆ ಎರಡೂವರೆಯನ್ನು ಹತ್ತೊಂಬತ್ತು ಬಾರಿ ಹತ್ತರಿಂದ ಗುಣಿಸಿದಷ್ಟು. ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಡಿಕ್ಕಿ ಹೊಡೆಯುತ್ತದೆ. ಇಷ್ಟು ಅಣುಗಳನ್ನು ಬಿಡಿಬಿಡಿಯಾಗಿ ಹಿಂಬಾಲಿಸಲು ಆಗದು. ಯಾವ ಜಾಗದಲ್ಲಿ, ಯಾವ ಕ್ಷಣದಲ್ಲಿ, ಎಷ್ಟು ಅಣುಗಳು ಯಾವ ವೇಗದಲ್ಲಿವೆ ಎಂಬ ಹಂಚಿಕೆಯನ್ನು ಮಾತ್ರ ಹಿಡಿಯಬಹುದು. 1872ರಲ್ಲಿ ಲುಡ್ವಿಗ್ ಬೋಲ್ಟ್ಸ್‌ಮನ್ ಆ ಹಂಚಿಕೆಗೆ ಸಮೀಕರಣ ಕೊಟ್ಟ. ಅದರ ಎಡಗಡೆ ಸರಳ, ಅಣುಗಳು ಚಲಿಸುವುದರ ಲೆಕ್ಕ. ಬಲಗಡೆ ಡಿಕ್ಕಿಗಳ ಲೆಕ್ಕ. ಪ್ರತಿ ಜೋಡಿ ಅಣುವಿನ ಎಲ್ಲ ಸಾಧ್ಯ ವೇಗಗಳನ್ನೂ ಚದುರುವ ಎಲ್ಲ ದಿಕ್ಕುಗಳನ್ನೂ ಕೂಡಿಸುವ ಐದು ಪದರದ ಅನುಕಲನ ಅದು. ದೊಡ್ಡ ದೊಡ್ಡವರೂ ಅಲ್ಲಿ ಕೈಚೆಲ್ಲುತ್ತಿದ್ದರು.

ಮೂವರೂ ಆ ಬಲಗಡೆಯನ್ನೇ ಎತ್ತಿಟ್ಟರು. ಅದರ ಜಾಗದಲ್ಲಿ ಬರೆದದ್ದು ಒಂದು ಪುಟ್ಟ ಪದ. ಈಗಿನ ಹಂಚಿಕೆ ಸಮತೋಲದ ಹಂಚಿಕೆಯಿಂದ ಎಷ್ಟು ದೂರವಿದೆಯೋ, ಡಿಕ್ಕಿಗಳು ಆ ಅಂತರಕ್ಕೆ ತಕ್ಕ ದರದಲ್ಲಿ ಅದನ್ನು ತಗ್ಗಿಸುತ್ತ ಹೋಗುತ್ತವೆ ಎನ್ನುತ್ತದೆ ಅದು. ಎಷ್ಟು ಬೇಗ ಎನ್ನುವುದನ್ನು ಒಂದೇ ಸಂಖ್ಯೆ, ಡಿಕ್ಕಿಗಳ ಆವರ್ತನ, ಹೇಳುತ್ತದೆ. ಇಷ್ಟೇ ಆಗಿದ್ದರೆ ಅದು ಬರೀ ಒರಟು ಅಂದಾಜಾಗುತ್ತಿತ್ತು. ಆ ಸಮತೋಲದ ಹಂಚಿಕೆಯನ್ನು ಎಲ್ಲಿಂದಲೋ ತಂದು ಕೂರಿಸಲಿಲ್ಲ ಎಂಬಲ್ಲಿದೆ ಅದರ ಜೀವ. ಅದರ ಸಾಂದ್ರತೆ, ಸರಾಸರಿ ವೇಗ, ಉಷ್ಣತೆ ಮೂರನ್ನೂ ಆ ಜಾಗದ, ಆ ಕ್ಷಣದ ನಿಜವಾದ ಹಂಚಿಕೆಯಿಂದಲೇ ಲೆಕ್ಕ ಹಾಕಿ ತೆಗೆಯಬೇಕು. ಆಗ ಕಣಗಳ ಸಂಖ್ಯೆಯಾಗಲಿ, ಸಂವೇಗವಾಗಲಿ, ಶಕ್ತಿಯಾಗಲಿ ಡಿಕ್ಕಿಯಲ್ಲಿ ಕೂದಲೆಳೆಯಷ್ಟೂ ಸೋರುವುದಿಲ್ಲ. ಡಿಕ್ಕಿಯ ಸಾವಿರ ವಿವರಗಳನ್ನು ಬಿಟ್ಟರು, ಈ ಮೂರನ್ನು ಬಿಡಲಿಲ್ಲ. ಹೀಗಾಗಿ ಅಣುಗಳು ಪರಸ್ಪರ ಸಿಗುವುದೇ ಅಪರೂಪವಾದ ವಿರಳ ಅನಿಲದಿಂದ ಹಿಡಿದು ಸಾಮಾನ್ಯ ವಾಯುಚಲನೆಯ ನಿಯಮಗಳು ನಡೆಯುವ ದಟ್ಟ ಅನಿಲದವರೆಗೆ ಒಂದೇ ಸಮೀಕರಣ ಸಾಕಾಯಿತು.

ಕೊರತೆ ಇಲ್ಲವೆಂದಲ್ಲ. ಸ್ನಿಗ್ಧತೆ ಮತ್ತು ಶಾಖವಹನಗಳ ಅನುಪಾತವನ್ನು ಹೇಳುವ ಪ್ರಾಂಟ್ಲ್ ಸಂಖ್ಯೆ ಈ ಮಾದರಿಯಲ್ಲಿ 1 ಎಂದು ಬರುತ್ತದೆ, ಆರ್ಗಾನಿನಂಥ ಏಕಪರಮಾಣು ಅನಿಲದಲ್ಲಿ ಅದು ಮೂರರಲ್ಲಿ ಎರಡು ಪಾಲಿನಷ್ಟು. ಇದನ್ನು ತಿದ್ದಲೆಂದೇ ಮುಂದೆ ಹೊಸ ಮಾದರಿಗಳು ಬಂದವು, ಅವೂ ಇದೇ ಬುಡದಿಂದ ಚಿಗುರಿದವು. ಇದೇ ಬಗೆಯ ಯೋಚನೆಯನ್ನು ಸ್ವೀಡನ್ನಿನ ಪಿಯರ್ ವೆಲಾಂಡರ್ ಅದೇ 1954ರಲ್ಲಿ ಸ್ವತಂತ್ರವಾಗಿ ಮುಂದಿಟ್ಟಿದ್ದನ್ನೂ ಇಲ್ಲಿ ನೆನೆಯುವುದು ನ್ಯಾಯ. ಇನ್ನೊಂದು ಗೊಂದಲವನ್ನೂ ಬಿಡಿಸಬೇಕು: ಪ್ಲಾಸ್ಮಾ ವಿಜ್ಞಾನದಲ್ಲಿ 1957ರ ‘ಬಿಜಿಕೆ ಅಲೆಗಳು’ ಎಂಬ ಹೆಸರಿದೆ. ಅವು ಬರ್ನ್‌ಸ್ಟೀನ್, ಗ್ರೀನ್, ಕ್ರುಸ್ಕಲ್ ಅವರವು, ಅಲ್ಲಿನ ‘ಬಿ’ ನಮ್ಮ ಭಟ್ನಾಗರ್ ಅಲ್ಲ.

1956ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಅನ್ವಯಿಕ ಗಣಿತಕ್ಕೆ ಪ್ರತ್ಯೇಕ ವಿಭಾಗ ತೆರೆದಾಗ ಅದರ ಮೊದಲ ಪ್ರಾಧ್ಯಾಪಕರಾಗಿ ಬಂದವರು ಭಟ್ನಾಗರ್. ಸುತ್ತಮುತ್ತ ವಿಮಾನಶಾಸ್ತ್ರ, ವಿದ್ಯುತ್ ತಂತ್ರಜ್ಞಾನ, ರಸಾಯನಶಾಸ್ತ್ರಗಳ ದೊಡ್ಡ ವಿಭಾಗಗಳಿದ್ದವು. ಅಂಥ ಕಡೆ ಗಣಿತ ಎಂಜಿನಿಯರುಗಳ ಕೈಯಾಳಾಗಿಬಿಡುವ ಅಪಾಯ ಒಂದು ಕಡೆ, ಯಾರಿಗೂ ಬೇಡದ ತಪಸ್ಸಾಗುವ ಅಪಾಯ ಇನ್ನೊಂದು ಕಡೆ. ಭಟ್ನಾಗರ್ ಎರಡಕ್ಕೂ ಎಡೆಗೊಡದ ವಸ್ತುವನ್ನೇ ಆರಿಸಿಕೊಂಡರು, ನ್ಯೂಟನ್ನನ ಸ್ನಿಗ್ಧತೆಯ ನಿಯಮಕ್ಕೆ ಒಗ್ಗದ ದ್ರವಗಳನ್ನು. ಇವು ಪಾಲಿಮರ್ ದ್ರಾವಣಗಳಂಥ, ಹರಿಯುತ್ತಲೇ ರಬ್ಬರಿನಂತೆ ಹಿಂದಕ್ಕೂ ಎಳೆಯುವ ದ್ರವಗಳು. ನೀರಿನಲ್ಲಿ ಒಂದು ಕಡ್ಡಿಯನ್ನು ಗಿರಗಿರನೆ ತಿರುಗಿಸಿದರೆ ಕಡ್ಡಿಯ ಸುತ್ತ ನೀರು ತಗ್ಗುತ್ತದೆ. ಮೊಟ್ಟೆಯ ಬಿಳಿ ಲೋಳೆಯಲ್ಲಿ ತಿರುಗಿಸಿ ನೋಡಿ, ಅದು ಕಡ್ಡಿಯನ್ನು ಹತ್ತುತ್ತದೆ.

ಅವರೂ ಅವರ ಶಿಷ್ಯರೂ ಒಂದರೊಳಗೊಂದು ಇಟ್ಟ ಎರಡು ಗೋಳಗಳ ನಡುವೆ ಇಂಥ ದ್ರವವನ್ನು ತುಂಬಿ, ಗೋಳಗಳು ತಿರುಗಿದಾಗ ಆಗುವುದನ್ನು ಲೆಕ್ಕ ಹಾಕಿದರು. ದ್ರವ ಗೋಳಗಳ ಜೊತೆ ಸುತ್ತುವುದು ಮುಖ್ಯ ಹರಿವು. ಅದರ ಅಡಿಯಲ್ಲಿ ಅಡ್ಡಡ್ಡವಾಗಿ ಇನ್ನೊಂದು ಮೆಲ್ಲನೆಯ ಸುಳಿ ಹುಟ್ಟುತ್ತದೆ. ಸ್ಥಿತಿಸ್ಥಾಪಕ ಗುಣ ಹೆಚ್ಚಿದಾಗ ಈ ಸುಳಿ ಎರಡಾಗಿ ಸೀಳಿ, ಒಂದು ಇನ್ನೊಂದಕ್ಕೆ ಎದುರಾಗಿ ತಿರುಗುತ್ತದೆ ಎಂಬುದು ಅವರ ಗಣಿತದಿಂದ ಹೊರಟ ಚಿತ್ರ. ಪೂರ್ಣ ಸಮೀಕರಣವನ್ನು ಬಿಡಿಸಲು ಸಾಧ್ಯವಿರಲಿಲ್ಲ. ನಿಧಾನವಾದ ತಿರುಗುವಿಕೆಯಲ್ಲಿ ಮೊದಲ ಕೆಲವು ಪದಗಳನ್ನಷ್ಟೇ ಉಳಿಸಿಕೊಂಡರು, ಸುಳಿ ಸೀಳುವುದನ್ನು ತೋರಿಸಲು ಅಷ್ಟು ಸಾಕಾಗಿತ್ತು. ಹಾರ್ವರ್ಡಿನ ಕೈಚಳಕವೇ ಇಲ್ಲೂ ಕೆಲಸ ಮಾಡಿದೆ ಎಂದು ನಾನು ಓದುತ್ತೇನೆ.

ಆ ವಿಭಾಗದಲ್ಲಿ ಬೆಳೆದವರಲ್ಲಿ ಫೂಲನ್ ಪ್ರಸಾದ್ ಮತ್ತು ರೇಣುಕಾ ರವೀಂದ್ರನ್ ಇದ್ದಾರೆ. ಇಬ್ಬರೂ ಸೇರಿ ಬರೆದ ಆಂಶಿಕ ಅವಕಲ ಸಮೀಕರಣಗಳ ಪುಸ್ತಕ 1985ರಲ್ಲಿ ಬಂತು. ಪ್ರಸಾದ್ ಅವರಿಗೆ 1983ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿತು. ಆ ಭಟ್ನಾಗರ್ ರಸಾಯನ ವಿಜ್ಞಾನಿ, ಈ ಭಟ್ನಾಗರ್ ಬೇರೆ. ಶಾಲಾ ಮಕ್ಕಳ ಗಣಿತ ಒಲಿಂಪಿಯಾಡಿನ ಮೊದಲ ಹೆಜ್ಜೆಗಳಲ್ಲೂ ಬೆಂಗಳೂರಿನ ಈ ಪ್ರಾಧ್ಯಾಪಕರ ಪಾಲಿದೆ. ಭಾರತದ ತಂಡ ಅಂತರರಾಷ್ಟ್ರೀಯ ಸ್ಪರ್ಧೆಗೆ ಮೊದಲು ಹೋದದ್ದು 1989ರಲ್ಲಿ, ಅದನ್ನು ನೋಡಲು ಅವರು ಇರಲಿಲ್ಲ. ಅಲ್ಲಿ ಮಿಂಚುವ ಭಾರತೀಯ ವಿದ್ಯಾರ್ಥಿಗೆ ಭಾರತೀಯ ಗಣಿತ ಸಂಘ ಇವರ ಹೆಸರಿನ ಬಹುಮಾನ ಕೊಡುತ್ತದೆ.

1968ರಲ್ಲಿ ಪದ್ಮಭೂಷಣ ಬಂತು. ಮರುವರ್ಷ ರಾಜಸ್ಥಾನ ವಿಶ್ವವಿದ್ಯಾಲಯದ ಕುಲಪತಿಯಾಗಿ ಬೆಂಗಳೂರು ಬಿಟ್ಟರು. ಅಲ್ಲಿಂದ ಶಿಮ್ಲಾದ ಹಿಮಾಚಲ ಪ್ರದೇಶ ವಿಶ್ವವಿದ್ಯಾಲಯ, ಆಮೇಲೆ ಕೇಂದ್ರ ಲೋಕಸೇವಾ ಆಯೋಗದ ಸದಸ್ಯತ್ವ. ಆಡಳಿತದ ಈ ವರ್ಷಗಳಲ್ಲಿ ಬರೆಯಲು ನನಗೆ ಹೆಚ್ಚು ಸಿಗುವುದಿಲ್ಲ. ಮತ್ತೆ ಜೀವ ಬರುವುದು 1975ರಲ್ಲಿ, ಅಲಹಾಬಾದಿನ ಮೆಹ್ತಾ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಹೋದಾಗ. ಆ ಸಂಸ್ಥೆಯ ಕನಸು ಕಂಡವರು ಅದೇ ಬದ್ರಿನಾಥ ಪ್ರಸಾದರು, ಶ್ರೇಣಿಗಳನ್ನು ಕಲಿಸಿದ ಮೊದಲ ಗುರು. ಇಂದು ಅದು ಹರೀಶ್‌ಚಂದ್ರ ಸಂಶೋಧನಾ ಸಂಸ್ಥೆ. ಶಿಷ್ಯನಿಗೆ ಅಲ್ಲಿ ಸಿಕ್ಕದ್ದು ಎರಡು ವರ್ಷವೂ ಅಲ್ಲ. 1976ರ ಅಕ್ಟೋಬರ್ 5ರಂದು ತೀರಿಕೊಂಡರು. ಅರೇಖೀಯ ಅಲೆಗಳ ಬಗ್ಗೆ ಅವರು ಬರೆದಿಟ್ಟಿದ್ದ ಪುಸ್ತಕವನ್ನು ಆಕ್ಸ್‌ಫರ್ಡ್ ಮುದ್ರಣಾಲಯ 1979ರಲ್ಲಿ ಹೊರತಂದಿತು. 1992ರಲ್ಲಿ ಚಿಯಾನ್, ದ್ಯುಮಿಯೆರ್, ಲಾಲ್ಮಾಂ ಎಂಬ ಮೂವರು ಆ ಪುಟ್ಟ ಡಿಕ್ಕಿ ಪದವನ್ನು ಚೌಕುಳಿ ಜಾಲರಿಯ ಮೇಲೆ ಕೂರಿಸಿ ದ್ರವದ ಹರಿವನ್ನು ಲೆಕ್ಕ ಹಾಕಿದರು, ಅದಕ್ಕೂ ‘ಬಿಜಿಕೆ’ ಎಂದೇ ಹೆಸರಿಟ್ಟರು.