ಸಂಗಾತಿಯ ವಲಸೆ ವೀಸಾ: ಹೊರದೇಶದಲ್ಲಿರುವ ಪ್ರಾಯೋಜಕರು (ಅಮೆರಿಕ)

ಹೊರದೇಶದಲ್ಲಿ ದುಡಿಯುತ್ತಿರುವ ಅಮೆರಿಕದ ಪ್ರಜೆಗಳು ತಮ್ಮ ಪತ್ನಿಗೆ ಅಥವಾ ಪತಿಗೆ ಅಮೆರಿಕದಲ್ಲಿ ಕಾಯಂ ವಾಸದ ಹಕ್ಕು ಕೊಡಿಸುವ ಕಾನೂನು ಕ್ರಮ. ಮದುವೆ ನಿಜವಾಗಿದ್ದರೆ ಸಾಕೆ, ಪ್ರಾಯೋಜಕರ ನೆಲೆಯೂ ಅಮೆರಿಕದಲ್ಲೇ ಇರಬೇಕೆ ಎಂಬ ಪ್ರಶ್ನೆಗೆ ಕಾಯಿದೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಅರ್ಜಿ ಸಲ್ಲಿಸುವ ಸ್ಥಳ, ಪ್ರಾಯೋಜಕರ ಆದಾಯ ಮತ್ತು ನೆಲೆ ಪ್ರತ್ಯೇಕ ವಿಷಯಗಳು. ಇವನ್ನು ಒಂದರೊಳಗೊಂದು ಬೆರೆಸಿ ಹೇಳುವುದು ರೂಢಿಯಾಗಿರುವುದರಿಂದ ಅನೇಕ ದಂಪತಿಗಳು ತೊಂದರೆಗೆ ಸಿಲುಕುತ್ತಾರೆ.

1924ರಿಂದ 1986ರವರೆಗೆ

1924ರ ವಲಸೆ ಕಾಯಿದೆ ಪ್ರಜೆಗಳ ಪತ್ನಿಯರನ್ನು ಕೋಟಾದಿಂದ ಹೊರಗಿಟ್ಟಿತು. ಆದರೆ ಅರ್ಜಿ ಸಲ್ಲಿಸುವ ವೇಳೆಗೆ ಪತಿ ಅಮೆರಿಕದಲ್ಲಿ ವಾಸವಾಗಿರಬೇಕೆಂದು ವಿಧಿಸಿತು. ಮಹಿಳಾ ಪ್ರಜೆಗಳ ಪತಿಯರಿಗೆ ಆ ವಿನಾಯಿತಿಯೇ ಇರಲಿಲ್ಲ. 1928ರ ತಿದ್ದುಪಡಿ ಅದನ್ನು ಭಾಗಶಃ ಸರಿಪಡಿಸಿತು. 1945ರ ಯುದ್ಧವಧುಗಳ ಕಾಯಿದೆ ಸೈನಿಕರು ಹೊರದೇಶಗಳಲ್ಲಿ ವರಿಸಿದವರಿಗೆ ದಾರಿ ತೆರೆಯಿತು. ಭಾರತೀಯರಿಗೆ ಪೌರತ್ವದ ಅರ್ಹತೆ ಮತ್ತು ವರ್ಷಕ್ಕೆ 100 ಜನರ ಕೋಟಾ ದೊರೆತದ್ದು 1946ರಲ್ಲಿ.

1952ರ ಕಾಯಿದೆ ಪತಿ, ಪತ್ನಿ ಎಂಬ ಭೇದವನ್ನು ತೊಡೆಯಿತು. ಪ್ರಜೆ ಅಮೆರಿಕದಲ್ಲೇ ವಾಸವಿರಬೇಕೆಂಬ ಷರತ್ತನ್ನೂ ಕೈಬಿಟ್ಟಿತು. ಸರ್ಕಾರ ಅಥವಾ ಅಮೆರಿಕನ್ ಕಂಪನಿಯ ಕೆಲಸದ ಮೇಲೆ ಹೊರದೇಶದಲ್ಲಿ ನಿಯುಕ್ತರಾದವರ ಸಂಗಾತಿ ವರ್ಷಗಟ್ಟಲೆ ಕಾಯದೆ ಪೌರತ್ವ ಪಡೆಯಲು ಅದರ 319(ಬಿ) ವಿಧಿ ಅವಕಾಶ ಕೊಟ್ಟಿತು. 1965ರ ಕಾಯಿದೆಯಲ್ಲಿ ಪ್ರಜೆಗಳ ಸಂಗಾತಿಗಳು ಸಂಖ್ಯಾಮಿತಿಯಿಲ್ಲದ 'ಸಮೀಪ ಬಂಧುಗಳ' ವರ್ಗಕ್ಕೆ ಸೇರಿದರು. ಮದುವೆಯಾಗಿ 2 ವರ್ಷ ತುಂಬದವರಿಗೆ ಮೊದಲು ಷರತ್ತುಬದ್ಧ ವಾಸವನ್ನಷ್ಟೇ ಕೊಡುವ ಪದ್ಧತಿ 1986ರದು.

1996: ನೆಲೆಯ ಷರತ್ತು ಮರಳಿದ್ದು

ಈ ಇತಿಹಾಸದ ನಿಜವಾದ ತಿರುವು 1996ರ ವಲಸೆ ಸುಧಾರಣಾ ಕಾಯಿದೆ. ಅದಕ್ಕೆ ಮೊದಲು ಪ್ರಾಯೋಜಕರು ಬರೆದುಕೊಡುತ್ತಿದ್ದ ಆರ್ಥಿಕ ಭರವಸೆ ನೈತಿಕ ಮಾತು ಮಾತ್ರ, ಅದರ ಮೇಲೆ ವಸೂಲಿ ಸಾಧ್ಯವಿಲ್ಲ ಎಂದು ಹಲವು ನ್ಯಾಯಾಲಯಗಳು ಹೇಳಿದ್ದವು. 1997ರ ಡಿಸೆಂಬರ್ 19ರಿಂದ ಬಳಕೆಗೆ ಬಂದ ಐ-864 ಪ್ರಮಾಣಪತ್ರ ಕಾನೂನಿನಡಿ ಜಾರಿ ಮಾಡಬಲ್ಲ ಕರಾರು. ವಿಚ್ಛೇದನವಾದರೂ ಪ್ರಾಯೋಜಕರ ಈ ಹೊಣೆ ಕಳೆಯದು. ಆ ಪ್ರಮಾಣಪತ್ರಕ್ಕೆ ಸಹಿ ಹಾಕುವವರ ಕಾಯಂ ನೆಲೆ ಅಮೆರಿಕದಲ್ಲಿರಬೇಕು. 1952ರಲ್ಲಿ ಕೈಬಿಟ್ಟಿದ್ದ ಷರತ್ತು ಹೀಗೆ ಆರ್ಥಿಕ ಭರವಸೆಯ ರೂಪದಲ್ಲಿ ಒಳಬಂದಿತು.

ಗೊಂದಲ ಹುಟ್ಟುವುದು ಇಲ್ಲೇ. ಐ-864 ನಮೂನೆಯಲ್ಲಿ ಕಾಯಂ ನೆಲೆಯ ದೇಶ ಯಾವುದೆಂದು ಕೇಳುವ ಅಂಕಣವಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಪ್ರಜೆ ಅಲ್ಲಿ 'ಭಾರತ' ಎಂದು ಬರೆದು ಸುಮ್ಮನಾದರೆ, ಮದುವೆಯ ಬಗ್ಗೆ ಯಾವ ಅನುಮಾನವಿಲ್ಲದಿದ್ದರೂ ವೀಸಾ ತಡೆಯಬಹುದು. ಶ್ರೀಮಂತ ಸಹಪ್ರಾಯೋಜಕರನ್ನು ಕರೆತಂದರೂ ಪ್ರಯೋಜನವಿಲ್ಲ: ಸಹಪ್ರಾಯೋಜಕರು ಆದಾಯದ ಕೊರತೆ ತುಂಬಬಲ್ಲರು, ನೆಲೆಯ ಕೊರತೆ ತುಂಬಲಾರರು.

2006ರ ಅಂತಿಮ ನಿಯಮ ಪರಿಹಾರವನ್ನೂ ಸೂಚಿಸಿದೆ. ಅಮೆರಿಕ ಸರ್ಕಾರದ ನೌಕರಿ, ಅಮೆರಿಕನ್ ಕಂಪನಿ ಅಥವಾ ಅದು ಅರ್ಧಕ್ಕಿಂತ ಹೆಚ್ಚು ಷೇರು ಹೊಂದಿರುವ ಅಂಗಸಂಸ್ಥೆಯ ನಿಯೋಜನೆಯಂಥ ಕಾರಣಗಳಿಂದ ಹೊರಗಿರುವವರ ನೆಲೆ ಅಮೆರಿಕದಲ್ಲೇ ಉಳಿದಿದೆಯೆಂದು ಭಾವಿಸಬಹುದು. ಉಳಿದವರು ಸಂಗಾತಿ ಅಮೆರಿಕಕ್ಕೆ ಕಾಲಿಡುವ ದಿನದೊಳಗೆ ಅಲ್ಲಿ ಮತ್ತೆ ನೆಲೆಯೂರುವುದಾಗಿ ತೋರಿಸಬೇಕು. ಬ್ಯಾಂಕ್ ಖಾತೆ, ಮನೆ ಬಾಡಿಗೆಯ ಕರಾರು, ಉದ್ಯೋಗ ಹುಡುಕಾಟದ ಪತ್ರಗಳು, ಮಕ್ಕಳ ಶಾಲಾ ದಾಖಲಾತಿ ಇದಕ್ಕೆ ಪುರಾವೆ. ಇಬ್ಬರೂ ಒಂದೇ ವಿಮಾನದಲ್ಲಿ ಹೋಗಬಹುದು. ಪ್ರಾಯೋಜಕರು ತಿಂಗಳುಗಟ್ಟಲೆ ಮುಂಚೆ ಹೊರಡಬೇಕೆಂಬ ನಿಯಮವಿಲ್ಲ.

ಆದಾಯದ ಲೆಕ್ಕ ಬೇರೆಯೇ. ಮಿತಿ ಬಡತನ ರೇಖೆಯ ಶೇ. 125, 2025ರಲ್ಲಿ ಇಬ್ಬರ ಕುಟುಂಬಕ್ಕೆ ಬಹುತೇಕ ರಾಜ್ಯಗಳಲ್ಲಿ 26,437 ಡಾಲರ್. ಅಮೆರಿಕಕ್ಕೆ ಮರಳಿದ ಮೇಲೆ ನಿಂತುಹೋಗುವ ಸಂಬಳ ಗಣನೆಗೆ ಬಾರದು. ಆದಾಯವೇ ಇಲ್ಲದವರು ಕೊರತೆಯ ಮೂರು ಪಟ್ಟು, ಅಂದರೆ 2025ರ ಲೆಕ್ಕದಲ್ಲಿ 79,311 ಡಾಲರ್ ಮೌಲ್ಯದ ಆಸ್ತಿ ತೋರಿಸಬೇಕು. ಹೊರದೇಶದಲ್ಲಿದ್ದೇವೆಂದು ತೆರಿಗೆ ವಿವರ ಸಲ್ಲಿಸದೆ ಬಿಟ್ಟವರು, ಸಲ್ಲಿಸಬೇಕಾದಷ್ಟು ಆದಾಯವಿದ್ದಲ್ಲಿ, ಅದನ್ನು ಮೊದಲು ಸಲ್ಲಿಸಬೇಕಾಗುತ್ತದೆ.

ಅರ್ಜಿ ಸಲ್ಲಿಸುವ ಸ್ಥಳ

ಹೊರದೇಶವಾಸಿ ಪ್ರಜೆಗಳು ಹಿಂದೆ ಸಂಗಾತಿಗಾಗಿ ಸಲ್ಲಿಸುವ ಐ-130 ಅರ್ಜಿಯನ್ನು ತಾವಿರುವ ದೇಶದಲ್ಲೇ ಕಾನ್ಸುಲೇಟ್‌ಗೆ ಕೊಡುತ್ತಿದ್ದರು. ಅರ್ಜಿದಾರರ ಅಪರಾಧ ಹಿನ್ನೆಲೆ ಪರಿಶೀಲಿಸಬೇಕೆಂಬ 2006ರ ಆಡಂ ವಾಲ್ಶ್ ಕಾಯಿದೆಯ ಕಾರಣ 2007ರ ಆರಂಭದಲ್ಲಿ ಇದು ಕೆಲಕಾಲ ನಿಂತಿತು. 2011ರ ಆಗಸ್ಟ್ 15ರಿಂದ ವಲಸೆ ಇಲಾಖೆಯ ಕಚೇರಿ ಇಲ್ಲದ ದೇಶಗಳವರು ಅಂಚೆ ಮೂಲಕ ಷಿಕಾಗೋಗೆ ಕಳುಹಿಸಬೇಕಾಯಿತು. ಭಾರತದಲ್ಲಿದ್ದವರಿಗೆ ದೆಹಲಿಯ ಕಚೇರಿ ಉಳಿದಿತ್ತು. 2020ರ ಫೆಬ್ರವರಿ 1ರಿಂದ ಆ ಇಲಾಖೆ ಹೊರದೇಶಗಳಲ್ಲಿ ಇಂಥ ಅರ್ಜಿ ಸ್ವೀಕರಿಸುವುದನ್ನೇ ನಿಲ್ಲಿಸಿತು. ಈಗ ತುರ್ತು ವೈದ್ಯಕೀಯ ಸ್ಥಿತಿ, ಜೀವಕ್ಕೆ ಬೆದರಿಕೆ, ದಿಢೀರ್ ವರ್ಗಾವಣೆಯಂಥ ವಿಶೇಷ ಸಂದರ್ಭಗಳಲ್ಲಿ ಕಾನ್ಸುಲೇಟ್ ಅರ್ಜಿ ಪಡೆಯಬಹುದು. ಹೊರದೇಶದ ನೆಲೆಗಳಲ್ಲಿರುವ ಸೈನಿಕರಿಗೆ ಪ್ರತ್ಯೇಕ ಅನುಮತಿಯಿದೆ.

ಈಚಿನ ಸ್ಥಿತಿ

ಅಮೆರಿಕದ ಸುಪ್ರೀಂ ಕೋರ್ಟಿನ 2013ರ ವಿಂಡ್ಸರ್ ತೀರ್ಪಿನ ನಂತರ ಸಲಿಂಗಿ ದಂಪತಿಗಳಿಗೂ ಇದೇ ಹಕ್ಕು ದೊರೆಯಿತು. 2024ರ ಜೂನ್ 21ರಂದು ಮುನ್ಯೋಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅನ್ಯದೇಶೀಯ ಸಂಗಾತಿಯನ್ನು ದೇಶದೊಳಗೆ ಬಿಟ್ಟುಕೊಳ್ಳಬೇಕೆಂದು ಕೇಳುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದಿತು. ಇದರಿಂದ ಕಾನ್ಸುಲರ್ ಅಧಿಕಾರಿಯ ನಿರಾಕರಣೆಯನ್ನು ಪ್ರಶ್ನಿಸುವ ದಾರಿ ಇನ್ನಷ್ಟು ಕಿರಿದಾಗಿದೆ. ಸಂದರ್ಶನಕ್ಕೆ ಮೊದಲೇ ಕಾಗದಪತ್ರ ಪಕ್ಕಾ ಇರುವುದು ಹಿಂದೆಂದಿಗಿಂತ ಅಗತ್ಯವಾಗಿದೆ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆಯಾದರೂ ಆರಂಭದಲ್ಲಿ ಅಲ್ಲಿ ವೀಸಾ ಸೇವೆ ಇರಲಿಲ್ಲ; ಸಂಗಾತಿಯ ವಲಸೆ ವೀಸಾ ಸಂದರ್ಶನಕ್ಕೆ ಕರ್ನಾಟಕದವರು ಹೋಗುತ್ತಿದ್ದುದು ಮುಂಬೈಗೆ.